ಯಾರ ಕಡೆಯವರು

ಅವರು ಮೊದಲ ಸಲ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದಾಗ ನನ್ನ ಬಾಯಲ್ಲಿ ನಾಲ್ಕು ಗುಂಡುಪಿನ್ನುಗಳಿದ್ದವು.

ಯಾರ ಮನೆಯದೋ ಉದ್ದನೆಯ ಪರದೆಯನ್ನು ನೆಲದ ಮೇಲೆ ಹಾಸಿಕೊಂಡು, ಮಂಡಿಯೂರಿ ಕೂತು ಅಂಚು ಮಡಿಸುತ್ತಿದ್ದೆ. ತಲೆ ಎತ್ತಿದಾಗ ಮೊದಲು ಕಂಡದ್ದು ಶೂ. ಲೇಸಿಲ್ಲದ್ದು. ಚಿಕ್ಕ ಮಕ್ಕಳ ಶೂಗೆ ಇರುತ್ತದಲ್ಲ, ಪಟ್ಟಿ ಎಳೆದು ಚರಕ್ಕನೆ ಅಂಟಿಸುವಂಥದ್ದು. ಅದರ ಮೇಲೆ ಖಾಕಿ ಪ್ಯಾಂಟು, ಹೆಗಲಿಗೆ ಅಡ್ಡಲಾಗಿ ಟಿಕೆಟ್ಟಿನ ಚರ್ಮದ ಚೀಲ, ಕತ್ತಿನಲ್ಲೊಂದು ಸೀಟಿ. ಎಲ್ಲಕ್ಕಿಂತ ಮೇಲೆ, ನಗಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸದ ಒಂದು ಮುಖ.

"ಓಟದ ಜಾಕೆಟ್ ರೆಡಿ ಇದೆಯಾ ಮೇಡಂ?"

"ಊಂ," ಎಂದೆ.

"ಈಗಲೇ ಸಿಗುತ್ತಾ?"

"ಊಂ ಊಂ."

"ನಮ್ಮ ಬಸ್ಸಲ್ಲೂ ಕೆಲವರು ಹೀಗೇ," ಎಂದು ಅವರು ಗೋಡೆಗೆ ಹೇಳಿದರು. "ಎಲ್ಲಿಗೆ ಅಂದ್ರೆ ಬಾಯೇ ಬಿಡಲ್ಲ. ಟಿಕೆಟ್ ಹರಿಯೋಕೆ ನಾವೇನು ಕಣಿ ಹೇಳೋರಾ?"

ನಾನು ಎದ್ದು ನಿಂತು ಬಾಯಿಂದ ಪಿನ್ನುಗಳನ್ನು ತೆಗೆದು ಅವರ ಕಣ್ಣೆದುರೇ ಕೌಂಟರಿನ ಮೇಲೆ ಸಾಲಾಗಿ ಇಟ್ಟೆ. ಒಂದು. ಎರಡು. ಮೂರನೆಯದಕ್ಕೆ ಅವರ ಕಿವಿ ಕೆಂಪಾಯಿತು. ನಾಲ್ಕನೆಯದಕ್ಕೆ ಕೈ ತಾನಾಗಿ ಎದ್ದು ಕತ್ತು ತುರಿಸಿಕೊಂಡಿತು. ಮುಚ್ಚುಮರೆ ಯಾಕೆ, ಅವರು ನನಗೆ ಇಷ್ಟವಾದದ್ದು ಆ ನಾಲ್ಕನೆಯ ಪಿನ್ನಿಗೇ.

"ತಪ್ಪಾಯ್ತು," ಎಂದರು.

"ಪರವಾಗಿಲ್ಲ. ಕಣಿ ಹೇಳೋದು ಕಲಿತುಕೊಳ್ಳಿ, ಉಪಯೋಗಕ್ಕೆ ಬರುತ್ತೆ."

ಮೂರು ವಾರದ ನಂತರ ಊರಿನ ಓಟದ ಕ್ಲಬ್ಬಿನವರು ರಾತ್ರಿ ಓಟ ಇಟ್ಟುಕೊಂಡಿದ್ದರು. ಹತ್ತು ಕಿಲೋಮೀಟರ್. ದಾರಿಯಲ್ಲಿ ನಿಲ್ಲುವ ಸ್ವಯಂಸೇವಕರ ಜಾಕೆಟ್ಟುಗಳ ಕೆಲಸ ನಮ್ಮ ಅಂಗಡಿಗೆ ಬಂದಿತ್ತು. ನಲವತ್ತು ಜಾಕೆಟ್ಟುಗಳ ಬೆನ್ನಿಗೆ ಕ್ಲಬ್ಬಿನ ಹೆಸರು. ನಲವತ್ತೊಂದನೆಯದಕ್ಕೆ ಮಾತ್ರ ಐದೇ ಅಕ್ಷರ: ಕಡೆಯವನು. ಕತ್ತಲಲ್ಲಿ ಬೆಳಕು ಬಿದ್ದರೆ ಹೊಳೆಯುವ ರೇಡಿಯಂ ಬಟ್ಟೆಯಲ್ಲಿ ಆ ಐದನ್ನೂ ನಾನೇ ಕತ್ತರಿಸಿ, ನಾನೇ ಹೊಲಿದಿದ್ದೆ.

"ಯಾರ ಕಡೆಯವರು ನೀವು?" ಎಂದು ಕೇಳಿದೆ, ಜಾಕೆಟ್ ಕೊಡವುತ್ತ.

"ಅಂದ್ರೆ?"

"ಕಡೆಯವನು ಅಂತ ಬರೆಸಿದೀರಲ್ಲ. ಹುಡುಗನ ಕಡೆಯವರಾ, ಹುಡುಗಿ ಕಡೆಯವರಾ?"

ಈಗ ಆ ಮುಖ ತೀರ್ಮಾನಕ್ಕೆ ಬಂತು. ನಕ್ಕರು. "ಯಾರ ಕಡೆಯವನೂ ಅಲ್ಲ ಮೇಡಂ. ಎಲ್ಲರಿಗಿಂತ ಕಡೆಯವನು. ಓಡೋರ ಹಿಂದೆ ಕೊನೇಲಿ ನಾನು. ನನ್ನ ಹಿಂದೆ ವ್ಯಾನು. ನಾನು ಕಿಲೋಮೀಟರಿಗೆ ಹತ್ತು ನಿಮಿಷದ ಲೆಕ್ಕದಲ್ಲಿ ಹೋಗ್ತಾ ಇರ್ತೀನಿ. ನನಗಿಂತ ಹಿಂದೆ ಬಿದ್ದೋರನ್ನ ವ್ಯಾನು ಹತ್ತಿಸ್ಕೊಳ್ಳುತ್ತೆ. ಅವರ ಓಟ ಅಲ್ಲಿಗೆ ಮುಗೀತು."

"ಈ ಕೆಲಸಕ್ಕೆ ನೀವೇ ಯಾಕೆ?"

"ಕಡೇ ಬಸ್ಸಿನ ಕಂಡಕ್ಟರ್ ನಾನು. ಆರು ವರ್ಷದಲ್ಲಿ ಒಬ್ಬರನ್ನೂ ಸ್ಟಾಪಲ್ಲಿ ಬಿಟ್ಟು ಬಂದಿಲ್ಲ. ಅದಕ್ಕೇ ಕರೆದರು."

"ಅಂದ್ರೆ ಕಾಯ್ತೀರಿ."

"ಕಾಯಲ್ಲ," ಎಂದರು, ಸ್ವಲ್ಪ ಗಂಭೀರವಾಗಿ. "ಕಾಯ್ದರೆ ಮುಂದಿನ ಸ್ಟಾಪಲ್ಲಿ ನಿಂತಿರೋರಿಗೆ ಮೋಸ. ನಾನು ಕೂಗ್ತೀನಿ. ಸರಿಯಾಗಿ ಕೂಗಿದರೆ ಯಾರಾದ್ರೂ ಓಡಿ ಬರ್ತಾರೆ."

ಜಾಕೆಟ್ಟನ್ನು ತಿರುಗಿಸಿ ನೋಡಿದರು. ಅಕ್ಷರಗಳು ಸೊಂಟದ ಹತ್ತಿರ ಕೂತಿದ್ದವು. ಮೇಲೆ ಅಂಗೈಯಗಲ ಜಾಗ ಬರಿದೇ ಬಿದ್ದಿತ್ತು. ಅಳತೆಪಟ್ಟಿಯನ್ನು ತಲೆಕೆಳಗಾಗಿ ಹಿಡಿದು ಅಳೆದಿದ್ದೆ, ಇನ್ನೇನು.

"ಮೇಲೆ ಇಷ್ಟು ಜಾಗ ಯಾಕೆ ಬಿಟ್ಟಿದೀರಾ?"

"ಯಾರ ಕಡೆಯವರು ಅಂತ ಗೊತ್ತಾದ ಮೇಲೆ ಹಾಕಿಸ್ಕೊಳ್ಳೋಕೆ," ಎಂದೆ, ಕಣ್ಣು ಮಿಟುಕಿಸದೆ.

ಒಳಗಿನ ಮಿಷನ್ನಿನ ಹಿಂದಿನಿಂದ ಚಿಕ್ಕಮ್ಮ ಕೆಮ್ಮಿದಳು. ನನ್ನ ಚಿಕ್ಕಮ್ಮನಿಗೆ ನೆಗಡಿಯಾಗಿ ಬರುವ ಕೆಮ್ಮು ಬೇರೆ, ಕಿವಿಗೆ ಏನಾದರೂ ಬಿದ್ದಾಗ ಬರುವ ಕೆಮ್ಮು ಬೇರೆ.

ಅವರು ಜಾಕೆಟ್ ಮಡಿಸಿ ಬಗಲಿಗೆ ಇಟ್ಟುಕೊಂಡು ಹೊರಟರು. ಮೆಟ್ಟಿಲಿಳಿದು, ರಸ್ತೆ ದಾಟಿ, ಬಸ್ಸಿನತ್ತ ನಡೆದರು. ಆಗ ಅವರ ಅಂಗಿಯ ತೋಳಿನ ಅಂಚಿನಿಂದ ಒಂದು ದಾರ ನೇತಾಡುತ್ತಿರುವುದು ಕಣ್ಣಿಗೆ ಬಿತ್ತು. ಗೇಣುದ್ದದ ದಾರ. ಕಣ್ಣು ಮುಚ್ಚಿಕೊಂಡರೂ ಕಾಣಿಸಿತು. ಕತ್ತರಿ ಹಿಡಿದುಕೊಂಡು ಓಡಿದೆ.

ಬಸ್ಸು ಗುರುಗುಟ್ಟುತ್ತಿತ್ತು. ಅವರ ಒಂದು ಕಾಲು ಫುಟ್‌ಬೋರ್ಡಿನ ಮೇಲಿತ್ತು. ಕತ್ತರಿ ಹಿಡಿದು ನುಗ್ಗಿ ಬರುತ್ತಿದ್ದ ನನ್ನನ್ನು ನೋಡಿ "ಹೋಲ್ಡಾನ್" ಎಂದು ಡ್ರೈವರಿಗೆ ಕೂಗಿದರು. ನಾನು ಅವರ ಮಣಿಕಟ್ಟು ಹಿಡಿದು ದಾರವನ್ನು ಕಚಕ್ಕನೆ ಕತ್ತರಿಸಿದೆ.

"ಇಷ್ಟಕ್ಕೆ ಓಡಿ ಬಂದ್ರಾ?"

"ನೇತಾಡೋ ದಾರ ಕಂಡರೆ ನನಗೆ ತಡೆಯೋಕಾಗಲ್ಲ."

ಅವರು ತಮ್ಮ ಮಣಿಕಟ್ಟನ್ನೂ, ಅದನ್ನು ಇನ್ನೂ ಹಿಡಿದುಕೊಂಡಿದ್ದ ನನ್ನ ಕೈಯನ್ನೂ ನೋಡಿದರು. ನಾನು ಬಿಟ್ಟೆ. "ಚೆನ್ನಾಗಿ ಓಡ್ತೀರಾ," ಎಂದು ಹೇಳಿ, ಎರಡು ಸಲ ಸೀಟಿ ಊದಿದರು. ಬಸ್ಸು ಹೊರಟುಹೋಯಿತು.

ಅಂಗಡಿಗೆ ಬಂದರೆ ಚಿಕ್ಕಮ್ಮ ಕನ್ನಡಕ ಹಣೆಗೇರಿಸಿಕೊಂಡು ಕಾದಿದ್ದಳು.

"ಚೆನ್ನಾಗಿ ಓಡ್ತೀಯಂತೆ," ಎಂದಳು.

"ಅಷ್ಟು ದೂರದಿಂದ ಕೇಳಿಸ್ತಾ?"

"ಸೂಜಿಗೆ ದಾರ ಪೋಣಿಸೋಕೆ ಆಗಲ್ಲ ಅಂದಿದ್ದು, ಕಿವಿ ಕೇಳಲ್ಲ ಅಂದಿದ್ನಾ?"

ನಮ್ಮ ಮನೆಯಲ್ಲಿ ನನ್ನ ಹೆಸರು ಅರ್ಧಂಬರ್ಧ. ಇಟ್ಟವಳು ಚಿಕ್ಕಮ್ಮನೇ. ಕಂಪ್ಯೂಟರ್ ಕೋರ್ಸ್ ಅರ್ಧ, ಗಿಟಾರ್ ಕ್ಲಾಸ್ ಅರ್ಧ, ಡ್ರೈವಿಂಗ್ ಕಲಿತದ್ದು ಮುಂದಕ್ಕೆ ಮಾತ್ರ, ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಒಂದು ಪ್ರೀತಿ ಕೂಡ ಅರ್ಧಕ್ಕೆ ಬಂದು ತನ್ನಷ್ಟಕ್ಕೆ ಆರಿಹೋಯಿತು. ಚಿಕ್ಕಮ್ಮನಿಗೆಂದು ಹೆಣೆಯಲು ಹಿಡಿದ ಸ್ವೆಟರಿಗೆ ಮೂರು ವರ್ಷದಿಂದ ಒಂದೇ ತೋಳು. ಗಿರಾಕಿಗಳ ಕೆಲಸವನ್ನು ಮಾತ್ರ ಹೇಗೋ ಮುಗಿಸುತ್ತಿದ್ದೆ, ಅದೂ ಚಿಕ್ಕಮ್ಮ ಹಿಂದೆ ನಿಂತು ಕೆಮ್ಮುತ್ತಿದ್ದಳು ಎಂಬ ಕಾರಣಕ್ಕೆ.

ಆ ಚಿಕ್ಕಮ್ಮ ತಿಂಗಳ ಕೊನೆಗೆ ಮಗಳ ಮನೆಗೆ ಹೊರಟಿದ್ದಳು. ಅಂಗಡಿ ಏನಾಗಬೇಕು ಎಂಬುದು ತೀರ್ಮಾನವಾಗಿರಲಿಲ್ಲ. ಪಕ್ಕದ ಲಾಂಡ್ರಿಯವರು ಕೇಳಿದ್ದರು. ನಾನು ಬಾಯಿಬಿಟ್ಟು ಕೇಳಿರಲಿಲ್ಲ. ಹದಿನಾಲ್ಕು ವರ್ಷದಿಂದ ನಾನು ಬೆಳೆದ, ಅತ್ತ, ನಕ್ಕ, ಮಿಷನ್ನಿನ ದಾರದ ಬಾಬಿನ್ನುಗಳನ್ನು ಕಳೆದು ಹುಡುಕಿದ ಜಾಗ ಅದು. ಕೇಳಿ, ಇಲ್ಲ ಅನ್ನಿಸಿಕೊಂಡರೆ ಎಂಬ ಹೆದರಿಕೆ.

"ನನಗೆ ಬೇಕು ಚಿಕ್ಕಮ್ಮ," ಎಂದೆ ಅವತ್ತು. ಓಡಿ ಬಂದ ಏದುಸಿರಿನಲ್ಲಿ ಅದೂ ಹೊರಬಿತ್ತು. "ಅಂಗಡಿ ನನಗೆ ಬೇಕು."

ಅವಳು ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡಳು. "ಅರ್ಧಕ್ಕೆ ಬಿಡೋ ಕೈಗೆ ನಾನು ಬೀಗದ ಕೈ ಕೊಡಲ್ಲ. ಒಂದೇ ಒಂದನ್ನ ಮುಗಿಸಿ ತೋರಿಸು. ನನ್ನ ಕೆಮ್ಮಿಲ್ಲದೆ."

"ಏನು ಮುಗಿಸಲಿ?"

"ಆ ಓಟ. ಹತ್ತು ಕಿಲೋಮೀಟರ್. ಗೆರೆ ದಾಟಿದರೆ ಅಲ್ಲೇ ಬೀಗದ ಕೈ. ವ್ಯಾನಲ್ಲಿ ಬಂದರೆ ಸೋಮವಾರ ಲಾಂಡ್ರಿಯವರು."

ಮೂರು ವಾರ ಓಡಿದೆ. ಅಂಗಡಿ ಮುಚ್ಚಿ, ಬಸ್ಸು ಹೋಗುವ ರಸ್ತೆಯಲ್ಲೇ. ಬೇರೆ ರಸ್ತೆಗಳೂ ಇದ್ದವು ಎಂದು ಚಿಕ್ಕಮ್ಮ ನೆನಪಿಸಿದಳು. ಏಳು ಗಂಟೆಯ ಟ್ರಿಪ್ಪು ನನ್ನ ಪಕ್ಕದಲ್ಲಿ ಹಾದುಹೋಗುವಾಗ ಫುಟ್‌ಬೋರ್ಡಿನಿಂದ ಎರಡು ಪುಟ್ಟ ಸೀಟಿ ಕೇಳುತ್ತಿತ್ತು. ಒಂದು ಸಂಜೆ ಎಡಗಡೆಯ ಕಿಟಕಿಯವರೆಲ್ಲ ತಲೆ ಹೊರಹಾಕಿ "ರೈಟ್ ರೈಟ್" ಎಂದು ಕೂಗಿದರು. ನಾನು ನಾಚಿಕೆಯಿಂದ ಇನ್ನೂ ಜೋರಾಗಿ ಓಡಿದೆ.

ಇನ್ನೊಂದು ಸಂಜೆ ಬಸ್ಸು ಬಂತು, ಸೀಟಿ ಬರಲಿಲ್ಲ. ಫುಟ್‌ಬೋರ್ಡಿನ ಮೇಲೆ ಯಾರೋ ಬೇರೆಯವರು. ಅವತ್ತು ಅರ್ಧ ದಾರಿಗೇ ವಾಪಸ್ಸು ಬಂದೆ. ಊಟ ಸೇರಲಿಲ್ಲ.

ಮರುದಿನ ಸ್ಟಾಪಿನಲ್ಲೇ ಹಿಡಿದೆ. "ನಿನ್ನೆ ಎಲ್ಲಿ ಹೋಗಿದ್ರಿ ಕಂಡಕ್ಟ್ರೇ?"

"ವಾರದ ರಜೆ."

"ಹೇಳಬಾರದಿತ್ತಾ?"

"ರಜಾ ಅರ್ಜಿ ಡಿಪೋದಲ್ಲಿ ಕೊಡೋದು ಅಂದ್ಕೊಂಡಿದ್ದೆ," ಎಂದರು. ತುಟಿ ನಗುತ್ತಿರಲಿಲ್ಲ, ಕಣ್ಣು ನಗುತ್ತಿತ್ತು. "ಇನ್ಮೇಲೆ ಟೈಲರ್ ಮೇಡಂಗೂ ಒಂದು ಕಾಪಿ ಕಳಿಸ್ತೀನಿ."

ಓಟದ ದಿನ ಮಧ್ಯಾಹ್ನವೇ ಮಳೆ ಹಿಡಿಯಿತು. ನಿಲ್ಲುವ ಮಳೆಯಲ್ಲ. ಸಂಜೆಯ ಹೊತ್ತಿಗೆ ರಸ್ತೆಯ ದೀಪಗಳ ಕೆಳಗೆಲ್ಲ ನೀರಿನ ಸೂಜಿಗಳು ಸುರಿಯುತ್ತಿದ್ದವು. ಎಂಟು ಗಂಟೆಗೆ ನಾವು ಐನೂರು ಜನ ಗೆರೆಯ ಹಿಂದೆ ನಿಂತಾಗ, ಓಡುವ ಮೊದಲೇ ತೊಯ್ದು ತೊಪ್ಪೆಯಾಗಿದ್ದೆವು. ನನ್ನ ಎದೆಯ ಮೇಲೆ ನಂಬರ್ ಚೀಟಿ, ಅದರ ನಾಲ್ಕು ಮೂಲೆಗೂ ನಾಲ್ಕು ಸೇಫ್ಟಿ ಪಿನ್ನು.

ಅವರು ಗುಂಪಿನ ಹಿಂದುಗಡೆ ನಿಂತಿದ್ದರು. ನನ್ನ ಐದು ಅಕ್ಷರಗಳ ಜಾಕೆಟ್ಟು, ಸೊಂಟಕ್ಕೆ ಬ್ಯಾಂಡೇಜು, ಸ್ಪ್ರೇ, ಪುಟ್ಟ ಕತ್ತರಿ ಇದ್ದ ಒಂದು ಚೀಲ, ಕತ್ತಿನಲ್ಲಿ ಅದೇ ಸೀಟಿ.

"ಒಂದು ಮಾತು," ಎಂದರು, ನನ್ನ ಹತ್ತಿರ ಬಾಗಿ. ಮಳೆಯ ಸದ್ದಿನಲ್ಲಿ ಬಾಗಲೇಬೇಕಿತ್ತು, ಅದೇ ಕಾರಣ ಎಂದು ಇಬ್ಬರೂ ಅಂದುಕೊಂಡೆವು. "ಅಂಗಡಿ ವಿಷಯ ನಿಮ್ಮ ಚಿಕ್ಕಮ್ಮ ಬಸ್ಸಲ್ಲಿ ಹೇಳಿದರು. ಅದಕ್ಕೇ ಹೇಳ್ತಿದೀನಿ. ನಿಮಗೋಸ್ಕರ ನಾನು ನಿಧಾನ ಮಾಡೋಕಾಗಲ್ಲ."

"ಮಾಡಿದರೆ ನಾನು ಮಾತೇ ಆಡಲ್ಲ," ಎಂದೆ. "ಕದ್ದು ಮುಗಿಸಿದ್ದು ಮುಗಿಸಿದ ಹಾಗಾ?"

ಅವರು ತಲೆಯಾಡಿಸಿದರು. ಆ ಮುಖದಲ್ಲಿ ಸಮಾಧಾನವೂ ಇತ್ತು, ಇನ್ನೊಂದೇನೋ ಇತ್ತು. ನೋಡುತ್ತ ನಿಲ್ಲುವಷ್ಟರಲ್ಲಿ ಗುಂಪು ಹೊರಟಿತು.

ಮೊದಲ ನಾಲ್ಕು ಕಿಲೋಮೀಟರ್ ನಾನು ರಾಣಿಯಂತೆ ಓಡಿದೆ. ಐದನೆಯದರಲ್ಲಿ ಶೂ ಒಳಗೆ ನೀರು ತುಂಬಿ ಒಂದೊಂದು ಕಾಲೂ ಒಂದೊಂದು ಕೊಡದಷ್ಟು ಭಾರವಾಯಿತು. ಜನ ನನ್ನನ್ನು ದಾಟುತ್ತ ಹೋದರು. ಎಳೆಯರು ದಾಟಿದರು, ಅಜ್ಜನೊಬ್ಬರು "ಬಾ ಮಗಾ" ಎನ್ನುತ್ತ ದಾಟಿದರು. ಆಮೇಲೆ ದಾಟುವವರು ಯಾರೂ ಉಳಿಯಲಿಲ್ಲ. ಹಿಂದಿನಿಂದ ಒಂದೇ ಜೊತೆ ಶೂಗಳ ಪಚಪಚ ಸದ್ದು.

"ನೀವೇನಾ?" ಎಂದೆ, ತಿರುಗದೆ.

"ನಾನೇ."

"ನಾನೇ ಕಡೆಯವಳಾ?"

"ಸದ್ಯಕ್ಕೆ ನಾನು ಕಡೆಯವನು. ನೀವು ಕಡೆಯಿಂದ ಎರಡನೆಯವರು."

ನಗು ಬಂತು. ನಗಲು ಉಸಿರು ಇರಲಿಲ್ಲ. "ಏನಾದ್ರೂ ಮಾತಾಡಿ. ಕಾಲಿನ ನೋವು ಮರೆಯುತ್ತೆ."

ಮುಚ್ಚಿದ ಅಂಗಡಿಗಳ ಸಾಲಿನ ಮುಂದೆ ಓಡುತ್ತಿದ್ದೆವು. ಸೂರುಗಳಿಂದ ನೀರು ಧಾರೆಯಾಗಿ ಬೀಳುತ್ತಿತ್ತು. ಅವರು ಹಿಂದಿನಿಂದ ಮಾತಾಡಿದರು. ಮುಖ ಕಾಣದಿದ್ದರೆ ಜನ ಎಷ್ಟೊಂದು ಹೇಳುತ್ತಾರೆ.

"ಕಡೇ ಟ್ರಿಪ್ಪಲ್ಲಿ ಒಬ್ಬೊಬ್ಬರನ್ನೇ ಇಳಿಸ್ತಾ ಹೋಗ್ತೀನಿ. ಒಬ್ಬರಿಗೆ ಗೇಟಲ್ಲಿ ಅಪ್ಪ ಕಾಯ್ತಿರ್ತಾರೆ. ಒಬ್ಬರಿಗೆ ಕಿಟಕೀಲಿ ಲೈಟ್ ಉರೀತಿರುತ್ತೆ. ಎಲ್ಲರನ್ನೂ ಮನೆ ಸೇರಿಸಿ ನಾನು ಮನೆಗೆ ಹೋದರೆ ಅಣ್ಣ, ಅತ್ತಿಗೆ ಎಲ್ಲ ಮಲಗಿರ್ತಾರೆ. ಅತ್ತಿಗೆ ಊಟ ಮುಚ್ಚಿಟ್ಟಿರ್ತಾರೆ, ಪಾಪ. ಆದರೂ ಕತ್ತಲಲ್ಲೇ ತಿಂದು ಮಲಗ್ತೀನಿ. ಲೈಟ್ ಹಾಕಿದರೆ ಮಕ್ಕಳು ಏಳ್ತಾರೆ."

"ಬೇಜಾರಾಗಲ್ವಾ?"

"ಮುಂಚೆ ಆಗ್ತಿರಲಿಲ್ಲ." ಹಿಂದೆ ಒಂದು ಹೊಂಡದ ನೀರು ಚಿಮ್ಮಿತು. "ಈ ಮೂರು ವಾರದಿಂದ ಆಗ್ತಿದೆ."

ಎದೆ ಹೊಡೆದುಕೊಳ್ಳುತ್ತಿದ್ದುದು ಓಟಕ್ಕೋ ಮಾತಿಗೋ ತಿಳಿಯಲಿಲ್ಲ. ಓಡುತ್ತಲೇ ಹೋದೆ. ಆ ಒಂದು ಕಿಲೋಮೀಟರ್ ಹೇಗೆ ಕಳೆಯಿತೋ ನನಗೆ ನೆನಪಿಲ್ಲ.

ಏಳನೆಯ ಕಿಲೋಮೀಟರಿನ ಹಲಗೆ ದಾಟಿದ ಮೇಲೆ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಓಟ ನಡಿಗೆಯಾಯಿತು, ನಡಿಗೆ ಕುಂಟಾಟವಾಯಿತು. ಹಿಂದಿನ ಹೆಜ್ಜೆಯ ಸದ್ದು ಅರ್ಧ ನಿಮಿಷ ನಿಂತು, ಮತ್ತೆ ಬೇಗಬೇಗ ಹತ್ತಿರ ಬಂತು.

"ಏನಾಯ್ತು?" ಎಂದೆ.

"ಲೇಸ್ ಬಿಚ್ಚಿತ್ತು," ಎಂದರು. ಆಮೇಲೆ ಅವರ ದನಿ ಬದಲಾಯಿತು. "ಟೈಲರ್ ಮೇಡಂ. ನೀವು ಲೆಕ್ಕಕ್ಕಿಂತ ಹಿಂದೆ ಬೀಳ್ತಿದೀರಿ. ನಾನು ದಾಟಬೇಕು."

"ದಾಟಿ."

"ವ್ಯಾನ್ ಹತ್ತೋವರೆಗೂ ನಿಮಗೆ ಅವಕಾಶ ಇದೆ. ನನ್ನ ಮುಂದೆ ಗೆರೆ ದಾಟಿದರೆ ಸಾಕು."

"ಗೊತ್ತು. ದಾಟಿ ಅಂದ್ನಲ್ಲ."

ಅವರು ದಾಟಿದರು. ಪಕ್ಕದಲ್ಲಿ ಹೋಗುವಾಗ ಒಮ್ಮೆ ನನ್ನತ್ತ ನೋಡಿದರು. ಬೈಯಲಿ ಎಂದು ಕಾಯುವವರ ಹಾಗಿತ್ತು ಆ ನೋಟ. ನಾನು ಮುಖ ತಿರುಗಿಸಿಕೊಂಡೆ. ನಾನೇ ಕೇಳಿಕೊಂಡದ್ದು, ನಿಧಾನ ಮಾಡಬೇಡಿ ಎಂದು. ಆದರೂ ಕೊಂಚ ತಡೆಯಬಹುದಿತ್ತು ಎಂದು ಮನಸ್ಸು ಹೇಳಿತು. ಮನಸ್ಸಿಗೆ ನ್ಯಾಯ ನೀತಿ ಒಂದೂ ಇಲ್ಲ.

ಹಿಂದಿನಿಂದ ವ್ಯಾನಿನ ಹಳದಿ ದೀಪ ಒದ್ದೆ ರಸ್ತೆಯ ಮೇಲೆ ಹರಡುತ್ತ ಬಂತು. ಡ್ರೈವರ್ ಕಿಟಕಿಯ ಗಾಜು ಇಳಿಸಿದರು. ಒಳ್ಳೆಯ ಮನುಷ್ಯ, ದೊಡ್ಡ ಮೀಸೆ.

"ಬಾರಮ್ಮ, ಹತ್ಕೋ. ಒಳಗೆ ಹೀಟರ್ ಇದೆ. ಟವೆಲ್ಲೂ ಇದೆ."

ನಿಂತೆ. ಸುಳ್ಳು ಹೇಳುವುದಿಲ್ಲ, ನಿಂತೇಬಿಟ್ಟೆ. ಏಳೂವರೆ ಕಿಲೋಮೀಟರ್ ಕಡಿಮೆಯೇನಲ್ಲ ಎನ್ನಿಸಿತು. ಅರ್ಧಕ್ಕಿಂತ ಜಾಸ್ತಿಯೇ ಆಯಿತಲ್ಲ. ಚಿಕ್ಕಮ್ಮನಿಗೆ ಹೇಳಲು ಒಂದೆರಡು ಕಾರಣಗಳೂ ಮನಸ್ಸಿನಲ್ಲಿ ಸಿದ್ಧವಾದವು. ಮಳೆ, ಮೀನಖಂಡ, ಶೂ. ಕಾರಣಗಳಿಗೆ ನನ್ನಲ್ಲಿ ಯಾವತ್ತೂ ಬರ ಬಂದಿಲ್ಲ.

ಬಾಗಿಲಿನ ಹಿಡಿಗೆ ಕೈ ಹಾಕಿದೆ. ಆಗ ವ್ಯಾನಿನ ಹೆಡ್‌ಲೈಟು ದೂರದಲ್ಲಿ ಹೋಗುತ್ತಿದ್ದ ಅವರ ಬೆನ್ನಿಗೆ ಬಿದ್ದು ಅಕ್ಷರಗಳು ಹೊಳೆದವು.

ಕ. ಡೆ. ಯ. ವ.

ಐದನೆಯ ಅಕ್ಷರ ಸಾಲಿನಲ್ಲಿ ಇರಲಿಲ್ಲ. ಅದು ಒಂದು ಮೂಲೆಯಿಂದ ಕೆಳಗೆ ನೇತಾಡುತ್ತಿತ್ತು. ಅವರು ಇಡುವ ಒಂದೊಂದು ಹೆಜ್ಜೆಗೂ ಆ 'ನು' ಒದ್ದೆ ನಾಲಿಗೆಯ ಹಾಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

ನನ್ನ ಮುಖಕ್ಕೆ ರಕ್ತ ನುಗ್ಗಿತು. ಕೊನೆಯ ಅಕ್ಷರ. ಎಲ್ಲ ಬಿಟ್ಟು ಕೊನೆಯ ಅಕ್ಷರವನ್ನೇ ಅರ್ಧಂಬರ್ಧ ಹೊಲಿದಿದ್ದೇನೆ. ಅದನ್ನು ಬೆನ್ನಿಗೆ ಹೊತ್ತು ಆ ಮನುಷ್ಯ ಗೆರೆ ದಾಟುತ್ತಾರೆ, ಅಲ್ಲಿ ದೀಪದ ಕೆಳಗೆ ಚಿಕ್ಕಮ್ಮ ನಿಂತಿದ್ದಾಳೆ, ನೋಡುತ್ತಾಳೆ, ಕೆಮ್ಮುವುದೂ ಇಲ್ಲ. ಆದರೆ ನಾನು ಹೊಲಿದಿದ್ದೆ. ಆ ಅಕ್ಷರಕ್ಕೆ ಗಂಟು ಹಾಕಿದ್ದು ನನಗೆ ನೆನಪಿತ್ತು. ಒಂದಲ್ಲ, ಮೂರು.

"ಹತ್ತಲ್ಲ ಅಣ್ಣಾ," ಎಂದು ಹಿಡಿ ಬಿಟ್ಟು ಕಾಲಿಗೆ ಬುದ್ಧಿ ಹೇಳಿದೆ.

ಮೀನಖಂಡ ಕೂಗಿಕೊಂಡಿತು, ಕೂಗಿಕೊಳ್ಳಲಿ ಎಂದು ಬಿಟ್ಟೆ. ಓಡುತ್ತಲೇ ನಂಬರ್ ಚೀಟಿಯಿಂದ ಒಂದು ಪಿನ್ನು ಬಿಚ್ಚಿದೆ. ಅವರ ಹಿಂದೆ ಹತ್ತು ಮಾರು ಇದ್ದಾಗಲೇ ಕೂಗಿದೆ. "ಕಂಡಕ್ಟ್ರೇ, ನಿಲ್ಲಿ. ನಿಮ್ಮ ಅಕ್ಷರ ಬೀಳ್ತಿದೆ."

"ನಿಲ್ಲೋಕಾಗಲ್ಲ ಮೇಡಂ," ಎಂದರು, ತಿರುಗಿಯೂ ನೋಡದೆ. "ಲೆಕ್ಕ ತಪ್ಪುತ್ತೆ."

"ಹಾಗಾದರೆ ನೆಟ್ಟಗೆ ಓಡಿ. ಅಲ್ಲಾಡಬೇಡಿ."

"ಅಲ್ಲಾಡದೆ ಓಡೋದು ಹೇಗೆ ಅಂತ ಹೇಳಿಕೊಡಿ."

ಓಡುವವರ ಬೆನ್ನಿಗೆ ಓಡುತ್ತ ಪಿನ್ನು ಹಾಕಲು ಯಾವ ಟೈಲರಿಂಗ್ ಕ್ಲಾಸಿನಲ್ಲೂ ಕಲಿಸುವುದಿಲ್ಲ. ಎಡಗೈಯಲ್ಲಿ ಜಾಕೆಟ್ಟಿನ ಕಾಲರು ಹಿಡಿದೆ. ಬಲಗೈಯಲ್ಲಿ ಅಕ್ಷರ ಎತ್ತಿ ಜಾಗಕ್ಕೆ ಒತ್ತಿದೆ. ಮೊದಲ ಸಲ ಪಿನ್ನು ಜಾರಿತು. ಎರಡನೆಯ ಸಲ ಅವರು "ಅಯ್ಯೋ" ಎಂದರು.

"ಚುಚ್ಚಿತಾ?"

"ಪರವಾಗಿಲ್ಲ, ಇನ್ನೊಂದು ಕಡೆ ಉಳಿದಿದೆ."

ಮೂರನೆಯ ಸಲ ಕೂತಿತು. ಒದ್ದೆ ಬಟ್ಟೆಯ ಕೆಳಗೆ ಅವರ ಬೆನ್ನು ಬಿಸಿಯಾಗಿತ್ತು, ಉಸಿರು ನನ್ನ ಅಂಗೈಗೆ ತಾಗುತ್ತಿತ್ತು. ಕೆಲಸ ಮುಗಿದ ಮೇಲೂ ಅಂಗೈ ಅಲ್ಲೇ ಇತ್ತು. ನಾಲ್ಕು ಹೆಜ್ಜೆ, ಐದು ಹೆಜ್ಜೆ.

"ಆಯ್ತಾ?" ಎಂದರು ಕೊನೆಗೆ, ಮೆಲ್ಲಗೆ.

"ಆಯ್ತು. ಈಗ ದಾರಿ ಬಿಡಿ. ನನಗೆ ಬೀಗದ ಕೈ ತಗೊಳ್ಳೋದಿದೆ."

ಅವರನ್ನು ದಾಟಿ ಮುಂದೆ ಹೋದೆ. ಎರಡು ಪುಟ್ಟ ಸೀಟಿ ಹಿಂದಿನಿಂದ ಬಂದವು. ಉಳಿದದ್ದು ಎರಡು ಕಿಲೋಮೀಟರ್. ಓಡಿದೆ, ನಡೆದೆ, ಕುಂಟಿದೆ, ಮತ್ತೆ ಓಡಿದೆ. ಪಚಪಚ ಸದ್ದು ಕೆಲವೊಮ್ಮೆ ಹತ್ತಿರ, ಕೆಲವೊಮ್ಮೆ ದೂರ, ಆದರೆ ಯಾವಾಗಲೂ ಹಿಂದೆಯೇ. ನಿಧಾನ ಮಾಡಿದವರು ಅವರಲ್ಲ, ಆ ಹೆಜ್ಜೆಯ ಲೆಕ್ಕ ಗಡಿಯಾರದಷ್ಟೇ ಸರಿಯಾಗಿತ್ತು. ಓಡಿದವಳು ನಾನೇ.

ಗೆರೆ ದಾಟಿದಾಗ ಕೈ ತಟ್ಟಲು ಹನ್ನೆರಡು ಜನರೂ ಇರಲಿಲ್ಲ. ಮಿಕ್ಕವರು ಮಳೆಗೆ ಓಡಿಹೋಗಿದ್ದರು. ನನ್ನ ಹಿಂದೆ ಒಂದು ನಿಮಿಷಕ್ಕೆ ಅವರು ದಾಟಿದರು, ಹಗ್ಗ ಕಟ್ಟಿ ಗೇಟು ಮುಚ್ಚಿದರು. ನಾನು ಮುಗಿಸಿದವರಲ್ಲಿ ಕಟ್ಟಕಡೆಯವಳು. ಅಷ್ಟು ಖುಷಿ ನನಗೆ ಯಾವ ಮೊದಲ ಸ್ಥಾನದಿಂದಲೂ ಆಗುತ್ತಿರಲಿಲ್ಲ.

ಪಕ್ಕದ ಟಾರ್ಪಾಲಿನ ಕೆಳಗೆ ಬೆಂಚು ಇತ್ತು. ಕೂತೆವು. ಮೇಲೆ ಮಳೆ ತಮಟೆ ಬಡಿಯುತ್ತಿತ್ತು.

"ಜಾಕೆಟ್ ಬಿಚ್ಚಿ ಕೊಡಿ," ಎಂದೆ. "ಯಾವ ಹೊಲಿಗೆ ಬಿಟ್ಟಿದೆ ನೋಡಬೇಕು."

"ಈಗಲೇ ಯಾಕೆ? ಸುಧಾರಿಸ್ಕೊಳ್ಳಿ."

"ಕೊಡಿ ಅಂದ್ರೆ."

ಅವರು ಬಹಳ ಮನಸ್ಸಿಲ್ಲದೆ ಕೊಟ್ಟರು. ದೀಪದ ಕೆಳಗೆ ಹಿಡಿದೆ. ನನ್ನ ಮೂರು ಗಂಟುಗಳು ಹಾಕಿದ ಜಾಗದಲ್ಲಿ ಹಾಗೇ ಇದ್ದವು. ಅಕ್ಷರದ ಸುತ್ತಲಿನ ದಾರ ಮಾತ್ರ ಮೂರು ಕಡೆ ಹೋಗಿತ್ತು. ಹದಿನಾಲ್ಕು ವರ್ಷ ದಾರ ನೋಡಿದ ಕಣ್ಣು ಇದು. ತಾನಾಗಿ ಬಿಟ್ಟ ದಾರದ ತುದಿ ಹಿಂಜಿರುತ್ತದೆ. ಇದರ ತುದಿ ನೆಟ್ಟಗಿತ್ತು.

ಅವರ ಸೊಂಟದ ಚೀಲದಲ್ಲಿದ್ದ ಪುಟ್ಟ ಕತ್ತರಿಯನ್ನು ನೋಡಿದೆ. ಆಮೇಲೆ ಅವರ ಕಾಲು ನೋಡಿದೆ.

"ಏಳನೇ ಕಿಲೋಮೀಟರ್ ಹತ್ರ ಲೇಸ್ ಬಿಚ್ಚಿತ್ತು ಅಂದ್ರಿ."

"ಹೂಂ."

"ಎಲ್ಲಿದೆ ಲೇಸು?"

ಅವರು ತಮ್ಮ ಪಟ್ಟಿ ಶೂಗಳನ್ನು ಮೊದಲ ಸಲ ನೋಡುವವರಂತೆ ನೋಡಿದರು. ಕಿವಿ ಕೆಂಪಾಯಿತು. ಕೈ ಎದ್ದು ಕತ್ತು ತುರಿಸಿಕೊಂಡಿತು.

"ನನ್ನ ಕೆಲಸಕ್ಕೆ ಕತ್ತರಿ ಹಾಕೋ ಧೈರ್ಯ ಎಲ್ಲಿಂದ ಬಂತು?"

"ಕಾಯೋ ಹಾಗಿರಲಿಲ್ಲ," ಎಂದರು. "ಕಾಯ್ದಿದ್ರೆ ನೀವು ಜನ್ಮದಲ್ಲಿ ಕ್ಷಮಿಸ್ತಿರಲಿಲ್ಲ. ಅದಕ್ಕೇ ಕೂಗಿದೆ. ಬಾಯಲ್ಲಿ ಕೂಗಿದ್ರೆ ನೀವು ಬರ್ತಿರಲಿಲ್ಲ. ನೇತಾಡೋ ದಾರಕ್ಕೆ ಬರ್ತೀರಿ ಅಂತ ಗೊತ್ತಿತ್ತು."

"ನಾನೇ ಅರ್ಧಕ್ಕೆ ಬಿಟ್ಟಿದ್ದೆ ಅಂದ್ಕೊಂಡೆ." ಹೇಳುತ್ತಿದ್ದ ಹಾಗೆ ಅಳು ಬಂತು. ಮಳೆಯಲ್ಲಿ ನೆನೆದ ಮುಖದಲ್ಲಿ ಕಾಣುವುದಿಲ್ಲ ಎಂದುಕೊಂಡೆ, ಅವರಿಗೆ ಕಂಡಿತು.

"ಇಲ್ಲ, ಇಲ್ಲ." ಅವರು ಗಾಬರಿಯಾಗಿ ನನ್ನ ಕೈ ಹಿಡಿದರು. "ನೀವು ಪೂರ್ತಿ ಹೊಲಿದಿದ್ರಿ. ಮೂರು ಗಂಟು. ಜಾಕೆಟ್ ಬಿಚ್ಚಿ ಹಿಡಿದರೂ ಅದನ್ನ ಬಿಡಿಸೋಕೆ ಕತ್ತರೀಗೂ ಆಗಲಿಲ್ಲ, ಪಕ್ಕದ ದಾರಾನೇ ಕತ್ತರಿಸಬೇಕಾಯ್ತು. ನಿಮ್ಮನ್ನ ದಾಟಿ ಹೋದೆನಲ್ಲ, ಆರು ವರ್ಷದಲ್ಲಿ ಅಷ್ಟು ಕಷ್ಟದ ಸ್ಟಾಪು ಇನ್ನೊಂದಿಲ್ಲ. ಹಿಂದೆ ಹೆಜ್ಜೆ ಕೇಳಿಸೋವರೆಗೂ ನಾನು ಉಸಿರಾಡಿದ್ನೋ ಇಲ್ವೋ ಗೊತ್ತಿಲ್ಲ. ನನಗೆ ನೀವು..."

ಅಲ್ಲಿಗೆ ನಿಂತರು. ಮಾತು ಅರ್ಧಕ್ಕೇ ಉಳಿಯಿತು. ಕೈ ಮಾತ್ರ ಬಿಡಲಿಲ್ಲ.

ಟಾರ್ಪಾಲಿನ ಅಂಚಿನಲ್ಲಿ ಕೆಮ್ಮು ಕೇಳಿಸಿತು. ನೆಗಡಿಯದಲ್ಲ.

ಚಿಕ್ಕಮ್ಮ ಕೊಡೆ ಹಿಡಿದು ನಿಂತಿದ್ದಳು. ಮೈಮೇಲೆ ನಾನು ಹೆಣೆದ ಸ್ವೆಟರು. ಒಂದು ಕೈಗೆ ತೋಳು, ಇನ್ನೊಂದು ಕೈ ಬರಿದು. ಬರಿದಾದ ಕೈಯಲ್ಲಿ ಬೀಗದ ಕೈಗಳ ಗೊಂಚಲು.

"ಹತ್ತೂ ಮುಗೀತಾ?" ಎಂದಳು.

"ಹತ್ತೂ ಮುಗೀತು ಚಿಕ್ಕಮ್ಮ."

"ವ್ಯಾನು?"

"ಹತ್ತಲೇ ಇಲ್ಲ."

ಅವಳು ಮೂಗು ಒರೆಸಿಕೊಂಡಳು. ಅದು ಚಳಿಗೆ ಎಂದು ಇವತ್ತಿಗೂ ಹೇಳುತ್ತಾಳೆ. ಗೊಂಚಲನ್ನು ನನ್ನ ಮಡಿಲಿಗೆ ಹಾಕಿದಳು. ಆಮೇಲೆ ನಮ್ಮ ಕೈಗಳನ್ನು ನೋಡಿದಳು, ಜಾಕೆಟ್ಟನ್ನು ನೋಡಿದಳು, ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನಪ್ಪಾ, ಅವತ್ತು ಇವಳು ಕೇಳಿದಳಲ್ಲ, ನೀನು ಸರಿಯಾಗಿ ಹೇಳಲಿಲ್ಲ. ಯಾರ ಕಡೆಯವನು ನೀನು?"

"ಆ ಜಾಗ ಇನ್ನೂ ಖಾಲಿ ಇದೆ ಅಮ್ಮ," ಎಂದರು ಅವರು. "ಏನು ಹೊಲೀಬೇಕು ಅನ್ನೋದು ಟೈಲರಿಗೆ ಬಿಟ್ಟಿದ್ದು."

ಇಬ್ಬರೂ ನನ್ನತ್ತ ನೋಡಿದರು. ಬೆನ್ನಿನ ಮೇಲೆ ಅಂಗೈಯಗಲ ಜಾಗ. ಅಳತೆ ತಪ್ಪಿ ಬಿಟ್ಟದ್ದು. ಎರಡೇ ಅಕ್ಷರ ಹಿಡಿಸುತ್ತದೆ. ನನ್ನ ಜೀವನದಲ್ಲಿ ನಾನು ಎಷ್ಟೋ ಮಾತುಗಳನ್ನು ಅರ್ಧಕ್ಕೆ ನುಂಗಿದ್ದೇನೆ. ಇದನ್ನು ನುಂಗಲಿಲ್ಲ.

"ನನ್ನ ಕಡೆಯವನು ಚಿಕ್ಕಮ್ಮ," ಎಂದೆ.

ಅವರಲ್ಲ, ಅವನು. ಹಾಗೆಂದು ಬಾಯಿಂದ ಬಂದ ಮೇಲೆಯೇ ನನಗೂ ಕೇಳಿಸಿತು. ಅವನಿಗೂ ಕೇಳಿಸಿತು. ಕಿವಿ, ಕೆನ್ನೆ, ಕತ್ತು ಎಲ್ಲ ಒಟ್ಟಿಗೆ ಕೆಂಪಾದವು.

"ಸರಿ," ಎಂದಳು ಚಿಕ್ಕಮ್ಮ, ಕೊಡೆ ಸರಿಮಾಡಿಕೊಳ್ಳುತ್ತ. "ಹಾಗಾದರೆ ಆ ಎರಡಕ್ಷರಾನೂ ಬೇಗ ಹೊಲಿದು ಮುಗಿಸು. ಆಮೇಲೆ ನನ್ನ ತೋಳು."

ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲನ್ನು ನಾನೇ ತೆಗೆದೆ. ಮೊದಲು 'ನು' ಹೊಲಿದೆ. ಆಮೇಲೆ ರೇಡಿಯಂ ಬಟ್ಟೆಯಲ್ಲಿ ಎರಡಕ್ಷರ ಕತ್ತರಿಸಿದೆ. ಹನ್ನೊಂದರ ಟ್ರಿಪ್ಪಿಗೆ ಮುಂಚೆ ಅವನು ಬಂದು, ಬಾಗಿಲಲ್ಲಿ ನಿಂತು, ಮೇಲಿನ ಸಾಲನ್ನು ಎರಡು ಸಲ ಓದಿದ.

"ನಿಮ್ಮ ಅಂತ ಹಾಕ್ತೀರಿ ಅಂದ್ಕೊಂಡಿದ್ದೆ," ಎಂದ.

ನನ್ನ ಬಾಯಲ್ಲಿ ಪಿನ್ನುಗಳಿದ್ದವು. ಒಂದೊಂದಾಗಿ ತೆಗೆದು ಕೌಂಟರಿನ ಮೇಲೆ ಇಟ್ಟೆ.

"'ನಿಮ್ಮ' ಅನ್ನೋದು ಗಿರಾಕಿಗಳು," ಎಂದೆ. "ನೀನು ನನಗೆ 'ನಿನ್ನ' ಅನ್ನು. ಹಾಕ್ಕೋ, ಅಳತೆ ನೋಡ್ತೀನಿ."